ಮರೆತುಹೋದ ಸ್ಕ್ರೂ ನಿಮ್ಮ ಲೇಖನದಲ್ಲಿ ಏಕಿಲ್ಲ?

ಪ್ರಿಯ ಬರಹಗಾರರೇ,

‘ವಿನ್ರಿ: ಮರೆಯಲ್ಲಿ ನಿಂತ ಶಕ್ತಿ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಜಪಾನಿ ಚಿತ್ರಕಥೆ (ಮಾಂಗಾ) ಮತ್ತು ಅದರ ಅನಿಮೇಷನ್ ಸರಣಿಗಳ (ಅನಿಮೆ) ಕುರಿತು ಬರೆಯಹೊರಟವರು ಸಾಮಾನ್ಯವಾಗಿ ಎಲ್ರಿಕ್ ಸಹೋದರರನ್ನೋ ಬೆರಳು ಚಿಟಿಕೆಯಲ್ಲಿ ಬೆಂಕಿ ಹೊತ್ತಿಸುವ ಸೇನಾಧಿಕಾರಿ ಮಸ್ಟಾಂಗ್‌ನನ್ನೋ ಆರಿಸಿಕೊಳ್ಳುತ್ತಾರೆ. ನೀವು ಆ ಸಹೋದರರಲ್ಲಿ ಹಿರಿಯನಾದ ಎಡ್ವರ್ಡ್‌ಗೆ ಉಕ್ಕಿನ ಕೈಕಾಲು ಮಾಡಿಕೊಡುವ ಹುಡುಗಿ ವಿನ್ರಿ ರಾಕ್‌ಬೆಲ್‌ಳನ್ನು ಆರಿಸಿಕೊಂಡಿದ್ದೀರಿ. ಆಯ್ಕೆ ಒಳ್ಳೆಯದು. ಅದಕ್ಕೆ ತಕ್ಕ ಲೇಖನ ಇನ್ನೂ ಬಂದಿಲ್ಲ ಎಂಬುದೇ ನನ್ನ ದೂರು.

ಮೊದಲು ಒಂದು ದೊಡ್ಡ ತಪ್ಪನ್ನು ತಿದ್ದಿಕೊಳ್ಳೋಣ. ಎರಡನೆಯ ಪುಟದಲ್ಲಿ ವಿನ್ರಿಯ ತಂದೆತಾಯಿಯನ್ನು ಕೊಂದವನು ಮಸ್ಟಾಂಗ್ ಎನ್ನುತ್ತೀರಿ. ಐದನೆಯ ಪುಟದಲ್ಲಿ ಅವಳು ತನ್ನ ತಂದೆತಾಯಿಯನ್ನು ಕೊಂದ ಸ್ಕಾರ್‌ನ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ ಎನ್ನುತ್ತೀರಿ. ನೀವು ಎರಡು ಬೇರೆ ಬೇರೆ ಸರಣಿಗಳನ್ನು ಒಂದೇ ಕಥೆಯೆಂದು ಹೊಲಿದುಬಿಟ್ಟಿದ್ದೀರಿ. 2003ರಲ್ಲಿ ಆರಂಭವಾದ 51 ಕಂತುಗಳ ಅನಿಮೆ ಬಂದಾಗ ಹಿರೊಮು ಅರಕಾವಾ ಅವರ ಮಾಂಗಾ ಇನ್ನೂ ನಡುದಾರಿಯಲ್ಲಿತ್ತು. ಆದ್ದರಿಂದ ಆ ಸರಣಿ ತನ್ನದೇ ದಾರಿ ಹಿಡಿಯಿತು, ಅಲ್ಲಿ ಮೇಲಿನವರ ಆಜ್ಞೆಯಂತೆ ಆ ವೈದ್ಯ ದಂಪತಿಗೆ ಗುಂಡು ಹೊಡೆದವನು ಮಸ್ಟಾಂಗ್. ಮಾಂಗಾದಲ್ಲಿ ಮತ್ತು ಅದನ್ನು ಅನುಸರಿಸಿದ, 2009–10ರ 64 ಕಂತುಗಳ ‘ಬ್ರದರ್‌ಹುಡ್’ನಲ್ಲಿ ಅವರನ್ನು ಕೊಲ್ಲುವವನು ಅವರೇ ಶುಶ್ರೂಷೆ ಮಾಡಿ ಬದುಕಿಸಿದ ಇಶ್ವಾಲ್ ಜನಾಂಗದ ರೋಗಿ, ಅಂದರೆ ಸ್ಕಾರ್. ಇದು ಹೆಸರೊಂದನ್ನು ಬದಲಿಸಿ ಸರಿಪಡಿಸಬಹುದಾದ ತಪ್ಪಲ್ಲ, ಏಕೆಂದರೆ ಮೊದಲನೆಯದರಲ್ಲಿ ಅವಳ ಕೋಪ ತನ್ನವರ ಸೈನ್ಯದ ಕಡೆಗೆ ತಿರುಗಬೇಕು, ಎರಡನೆಯದರಲ್ಲಿ ತನ್ನ ಹೆತ್ತವರ ವೃತ್ತಿಧರ್ಮದ ಬೆಲೆಯನ್ನೇ ಅವಳು ಎದುರಿಸಬೇಕು. ಒಂದನ್ನು ಆರಿಸಿಕೊಳ್ಳಿ. ಪಟ್ಟಿ ಕಟ್ಟುವ ದೃಶ್ಯ ಬೇಕೆಂದಾದರೆ ಎರಡನೆಯದೇ ಗತಿ.

ಇನ್ನು ಮುಖ್ಯ ವಿಷಯ. ನಿಮ್ಮ ಲೇಖನದಲ್ಲಿ ವಿನ್ರಿ ಹನ್ನೊಂದು ಕಡೆ ‘ಪ್ರತಿಭಾವಂತೆ’, ಏಳು ಕಡೆ ‘ದಿಟ್ಟೆ’, ನಾಲ್ಕು ಕಡೆ ‘ತ್ಯಾಗಮಯಿ’. ಆದರೆ ಅವಳು ದಿನವಿಡೀ ಮಾಡುವ ಕೆಲಸವೇನು ಎಂಬುದನ್ನು ಲೇಖನ ಓದಿದವರು ಹೇಳಲಾರರು. ಜಪಾನಿ ಅನಿಮೆಗಳಲ್ಲಿ ಸ್ತ್ರೀಪಾತ್ರಗಳ ಸ್ಥಾನಮಾನವನ್ನು ಕುರಿತ ಮೊದಲ ಒಂದೂವರೆ ಪುಟವನ್ನು ಪೂರ್ತಿ ತೆಗೆದುಹಾಕಿ, ನೇರವಾಗಿ ರೆಸೆಂಬೂಲ್ ಹಳ್ಳಿಯ ಆ ಮನೆಯೊಳಗೆ, ಅಜ್ಜಿ ಪಿನಾಕೊ ಮತ್ತು ಮೊಮ್ಮಗಳು ಒಟ್ಟಿಗೆ ಕೆಲಸ ಮಾಡುವ ಮೇಜಿನ ಬಳಿಗೆ ಓದುಗರನ್ನು ಕರೆದೊಯ್ಯಿರಿ. ಅಲ್ಲಿ ತಯಾರಾಗುವ ‘ಆಟೊಮೇಲ್’ ಎಂಬ ಪದವನ್ನು ಜಪಾನಿಯಲ್ಲಿ ‘ಯಂತ್ರ’ ಮತ್ತು ‘ಕವಚ’ ಎಂಬ ಅರ್ಥದ ಅಕ್ಷರಗಳಿಂದ ಬರೆಯುತ್ತಾರೆ. ಅದು ಮೇಲಿನಿಂದ ತೊಡಿಸುವ ಗೊಂಬೆಗಾಲಲ್ಲ; ನರಗಳಿಗೇ ಜೋಡಣೆಯಾಗುವ ಅಂಗ. ನರಗಳನ್ನು ಸೇರಿಸುವ ಆ ಕ್ಷಣದ ನೋವಿಗೆ ರಾಕ್ಷಸರೊಡನೆ ಸೆಣಸುವ ಎಡ್ವರ್ಡ್ ಕೂಡ ಹೆದರುತ್ತಾನೆ. ಶಸ್ತ್ರಚಿಕಿತ್ಸೆಯ ನಂತರ ಅದಕ್ಕೆ ಒಗ್ಗಿಕೊಳ್ಳಲು ಮೂರು ವರ್ಷ ಬೇಕೆಂದು ಪಿನಾಕೊ ಹೇಳಿದರೆ, ಹನ್ನೊಂದು ವರ್ಷದ ಆ ಹುಡುಗ ಒಂದೇ ವರ್ಷದಲ್ಲಿ ಮುಗಿಸುತ್ತೇನೆಂದು ಹಟ ಹಿಡಿಯುತ್ತಾನೆ. ಹುಡುಗ ಬೆಳೆದಂತೆಲ್ಲ ಉಕ್ಕಿನ ಕಾಲನ್ನೂ ಉದ್ದ ಮಾಡಬೇಕಾಗುತ್ತದೆ. ಆ ಹುಡುಗನ ಎತ್ತರದ ವಿಚಾರ ಎಷ್ಟು ಸೂಕ್ಷ್ಮವೆಂಬುದು ನಿಮಗೂ ಗೊತ್ತು. ಇಂಥ ಒಂದು ವಿವರವೂ ನಿಮ್ಮ ಏಳು ಪುಟಗಳಲ್ಲಿಲ್ಲ.

‘ವಿನ್ರಿಗೆ ರಸವಿದ್ಯೆ ಬಾರದಿದ್ದರೂ’ ಎಂದು ಮೂರು ಸಲ ಬರೆದಿದ್ದೀರಿ, ಅದೇನೋ ಒಂದು ಅಂಗವೈಕಲ್ಯವೆಂಬಂತೆ. ಆ ಲೋಕದಲ್ಲಿ ರಸವಿದ್ಯೆ, ಅಂದರೆ ಆಲ್ಕೆಮಿ, ಬಲ್ಲ ಎಡ್ವರ್ಡ್ ಎರಡೂ ಅಂಗೈಗಳನ್ನು ಜೋಡಿಸಿದ ಕ್ಷಣದಲ್ಲೇ ಒಡೆದದ್ದು ಕೂಡುತ್ತದೆ, ನೆಲ ಗೋಡೆಯಾಗುತ್ತದೆ. ಆದರೆ ಜೋಡಿಸಲು ಎರಡು ಕೈ ಬೇಕಲ್ಲವೇ? ಸ್ಕಾರ್ ಅವನ ಉಕ್ಕಿನ ಬಲಗೈಯನ್ನು ಚೂರುಚೂರು ಮಾಡಿದ ಮೇಲೆ ಆ ಮಹಾ ರಸವಾದಿ ಏನೂ ಮಾಡಲಾಗದೆ ರೈಲು ಹತ್ತಿ ಹಳ್ಳಿಗೆ ಬರುತ್ತಾನೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಆಗುವ ಕೆಲಸ ಯಾವುದೂ ಇಲ್ಲ. ವಿನ್ರಿ ಮೂರು ದಿನ ನಿದ್ದೆಗೆಟ್ಟು ಹೊಸ ಕೈ ಕಟ್ಟಿಕೊಡಬೇಕು. ಅವನ ಮಾಯೆ ನಿಂತಿರುವುದೇ ಮಾಯೆಯಿಲ್ಲದ ಈ ದುಡಿಮೆಯ ಮೇಲೆ. ಕಥೆ ಈ ಮಾತನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಮಾಡಿ ತೋರಿಸುತ್ತದೆ. ಅದನ್ನು ಗುರುತಿಸಿ ಹೇಳುವುದು ಲೇಖಕರಾದ ನಿಮ್ಮ ಕೆಲಸವಾಗಿತ್ತು. ಕನ್ನಡದಲ್ಲಿ ಇಂಥವರನ್ನು ‘ಪೋಷಕ ಪಾತ್ರ’ ಎನ್ನುತ್ತೇವೆ. ಆ ಪದದಲ್ಲಿರುವ ಪೋಷಣೆಯ ಅರ್ಥ ಇಷ್ಟು ಅಕ್ಷರಶಃ ಹೊಂದುವ ಪಾತ್ರಗಳು ವಿರಳ, ಆದರೆ ನೀವು ಆ ಪದವನ್ನು ಬಿಟ್ಟು ‘ಸೈಡ್ ಕ್ಯಾರೆಕ್ಟರ್’ ಎಂದು ಬರೆದಿದ್ದೀರಿ.

ಈಗ ಆ ಸ್ಕ್ರೂ. ಮೂರು ದಿನಗಳ ಆ ಅವಸರದಲ್ಲಿ ವಿನ್ರಿ ಒಂದು ಸ್ಕ್ರೂ ಹಾಕುವುದನ್ನೇ ಮರೆಯುತ್ತಾಳೆ. ಐದನೆಯ ಪ್ರಯೋಗಾಲಯದ ಕಾಳಗದಲ್ಲಿ ಎಡ್ವರ್ಡ್‌ನ ಕೈ ಕೆಟ್ಟು ನಿಲ್ಲುತ್ತದೆ, ಅವನು ಆಸ್ಪತ್ರೆ ಸೇರುತ್ತಾನೆ. ರಿಪೇರಿಗೆಂದು ರಾಜಧಾನಿಗೆ ಬಂದ ವಿನ್ರಿ, ಮೈತುಂಬ ಪಟ್ಟಿ ಕಟ್ಟಿಕೊಂಡು ಮಲಗಿದ್ದವನನ್ನು ನೋಡಿ ಇದೆಲ್ಲ ತನ್ನಿಂದಲೇ ಆದದ್ದೆಂದು ಕುಗ್ಗಿಹೋಗುತ್ತಾಳೆ. ಅವನೋ ತಾನು ಒರಟಾಗಿ ಬಳಸಿದ್ದರಿಂದಲೇ ಕೈ ಕೆಟ್ಟಿತೆಂದು ಅವಳನ್ನೇ ಸಮಾಧಾನ ಮಾಡುತ್ತಾನೆ. ಇಡೀ ಕಥೆಯಲ್ಲಿ ವಿನ್ರಿಯೊಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲವೆಂಬುದು ನನ್ನ ಅಭಿಪ್ರಾಯ. ನೀವು ಅದನ್ನು ಬಿಟ್ಟಿದ್ದೀರಿ, ಬಹುಶಃ ಅದು ಅವಳ ಲೋಪ ಎಂಬ ಕಾರಣಕ್ಕೆ. ಅಭಿಮಾನಿಯಾಗಿ ಅವಳ ಕಣ್ತಪ್ಪನ್ನು ನೀವು ಮುಚ್ಚಿಟ್ಟಿರಿ. ಅದರೊಂದಿಗೆ ಅವಳ ವೃತ್ತಿಯೂ ಮುಚ್ಚಿಹೋಯಿತು. ಕೈಕೆಲಸದವರಿಗೆ ಮಾತ್ರ ಬರುವ ಒಂದು ಭಯವಿದೆ: ಕೆಲಸ ಮುಗಿಸಿ, ಮಾಲು ಕೊಟ್ಟು ಕಳುಹಿಸಿ, ಮೇಜು ಒರೆಸುವಾಗ ಒಂದು ಬಿಡಿಭಾಗ ಉಳಿದಿರುವುದು ಕಣ್ಣಿಗೆ ಬೀಳುವುದು. ಹೊಲಿಗೆಯವರಿಗೂ ಗಡಿಯಾರ ರಿಪೇರಿಯವರಿಗೂ ಅದು ಗೊತ್ತು. ಒಂದು ಪುಟ ಬೇಕಾದರೂ ತೆಗೆದುಕೊಂಡು ಈ ದೃಶ್ಯವನ್ನು ಬರೆಯಿರಿ, ಕತ್ತರಿಸುವುದಿಲ್ಲ.

ರಷ್ ವ್ಯಾಲಿಯ ಭಾಗವನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ, ಸ್ಕಾರ್ ಎದುರು ಪಿಸ್ತೂಲು ಹಿಡಿದ ಭಾಗಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ. ಆಟೊಮೇಲ್ ಅಂಗಡಿಗಳಿಂದಲೇ ತುಂಬಿದ ಆ ಊರಿನಲ್ಲಿ ಅವಳು ಡೊಮಿನಿಕ್ ಎಂಬ ಹಿರಿಯ ಕುಶಲಕರ್ಮಿಯ ಕೆಲಸ ಕಂಡು ಶಿಷ್ಯೆಯಾಗಿ ಸೇರಿಸಿಕೊಳ್ಳಿರೆಂದು ಕೇಳುತ್ತಾಳೆ, ಆತ ಒಪ್ಪುವುದಿಲ್ಲ. ಬಿರುಮಳೆಯ ಹೊತ್ತಿನಲ್ಲಿ ಆತನ ಸೊಸೆಗೆ ಹೆರಿಗೆ ನೋವು ಬರುತ್ತದೆ, ಸೇತುವೆ ಕುಸಿದಿರುವುದರಿಂದ ಆತ ವೈದ್ಯರನ್ನು ಕರೆತರಲು ಸುತ್ತುದಾರಿಯಲ್ಲಿ ಹೊರಟುಹೋಗುತ್ತಾನೆ. ಚಿಕ್ಕಂದಿನಿಂದ ತಂದೆತಾಯಿಯ ವೈದ್ಯ ಪುಸ್ತಕಗಳನ್ನು ತಿರುವಿಹಾಕುತ್ತಿದ್ದ ವಿನ್ರಿಯೇ ಮುಂದೆ ನಿಂತು ಹೆರಿಗೆ ಮಾಡಿಸುತ್ತಾಳೆ. ರಸವಿದ್ಯೆ ಬಲ್ಲ ಇಬ್ಬರೂ ಗಂಡುಹುಡುಗರು ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬಾರದೆ ತತ್ತರಿಸುತ್ತಾರೆ. ಮುಂದೆ ಅವಳು ತಂದೆತಾಯಿಯನ್ನು ಕೊಂದವನೆದುರು ನೆಲದ ಮೇಲಿದ್ದ ಪಿಸ್ತೂಲನ್ನು ಎತ್ತಿಕೊಂಡಾಗ, ಎಡ್ವರ್ಡ್ ಆ ಮಗುವನ್ನೂ ತನ್ನ ಉಕ್ಕಿನ ಕೈಕಾಲುಗಳನ್ನೂ ನೆನಪಿಸಿ, ಈ ಕೈಗಳು ಕೊಲ್ಲುವ ಕೈಗಳಲ್ಲ ಎಂಬರ್ಥದ ಮಾತು ಹೇಳುತ್ತಾನೆ. ನೀವಿದನ್ನು ‘ಹೆಣ್ಣಿನ ಸಹಜ ಕರುಣೆ’ ಎಂದು ವಿವರಿಸಿದ್ದೀರಿ. ಅಲ್ಲವೇ ಅಲ್ಲ. ಅವನು ಮಾತಾಡುತ್ತಿರುವುದು ಅವಳ ಹೆಣ್ತನದ ಬಗ್ಗೆ ಅಲ್ಲ, ಅವಳ ಕಸುಬಿನ ಬಗ್ಗೆ. ವೈದ್ಯರಿಗೂ ಸೂಲಗಿತ್ತಿಯರಿಗೂ ಅಡುಗೆಯವರಿಗೂ ನಾವು ಹೇಳುವ ‘ಕೈಗುಣ’ ಎಂಬ ಮಾತು ಇಲ್ಲಿಗೇ ಹೇಳಿ ಮಾಡಿಸಿದಂತಿದೆ. ಆ ಹನ್ನೊಂದು ‘ಪ್ರತಿಭೆ’ಗಳ ಬದಲು ಇದನ್ನು ಒಂದೇ ಒಂದು ಸಲ ಬಳಸಿ ನೋಡಿ.

ಉತ್ತರದ ಬ್ರಿಗ್ಸ್ ಕೋಟೆಯ ಪ್ರಸಂಗವನ್ನೂ ಸೇರಿಸಬಹುದು. ಅಲ್ಲಿನ ಚಳಿಯಲ್ಲಿ ಉಕ್ಕಿನ ಅಂಗ ಮೈಗೆ ಹಿಮಹುಣ್ಣು ತರುತ್ತದೆಂದು ಅರಿತ ಮೇಲೆ ಎಡ್ವರ್ಡ್‌ಗೆ ಡ್ಯುರಾಲುಮಿನ್, ಕಾರ್ಬನ್ ನಾರು ಮುಂತಾದವುಗಳ ಹಗುರ ಮಿಶ್ರಣದ ಬೇರೆ ಕೈಕಾಲು ಬೇಕಾಗುತ್ತದೆ. ಒಂದು ಪ್ಯಾರಾ ಸಾಕು.

ಅವಳನ್ನು ‘ಯಾರೂ ಆಳಲಾಗದ ಸ್ವತಂತ್ರ ಹೆಣ್ಣು’ ಎಂದು ಕರೆದಿರುವುದು ಸತ್ಯಕ್ಕೆ ದೂರ. ಸೈನ್ಯ ಅವಳನ್ನು ಸಹೋದರರನ್ನು ಹಿಡಿತದಲ್ಲಿಡುವ ಒತ್ತೆಯಾಳಾಗಿ ಬಳಸುತ್ತದೆ, ಸೈನ್ಯದ ಕಡೆಯ ಕಿಂಬ್ಲಿ ಅವಳನ್ನು ಉತ್ತರಕ್ಕೆ ಕರೆತರುವುದೇ ಅದಕ್ಕಾಗಿ. ಸಹೋದರರು ಅವಳ ಒಳಿತಿಗೆಂದು ಎಷ್ಟೋ ಸಂಗತಿಗಳನ್ನು ಅವಳಿಂದ ಮುಚ್ಚಿಡುತ್ತಾರೆ. ಕಥೆಗಾರ್ತಿ ಅವಳನ್ನು ಕೆಲವೆಡೆ ಕಾಯುವವಳಾಗಿ, ಅಳುವವಳಾಗಿ ಮಾತ್ರ ಇರಿಸಿದ್ದಾರೆಂಬ ಆಕ್ಷೇಪಕ್ಕೂ ಜಾಗ ಕೊಡಿ. ಆದರೆ ಒತ್ತೆಯಾಳಾದವಳೇ ಆ ಬಲೆಯಿಂದ ಪಾರಾಗುವ ಉಪಾಯ ಸೂಚಿಸುತ್ತಾಳೆ: ಸ್ಕಾರ್ ತನ್ನನ್ನು ಅಪಹರಿಸಿದಂತೆ ನಟಿಸಲಿ ಎಂದು. ತಂದೆತಾಯಿಯನ್ನು ಕೊಂದವನನ್ನು ಕ್ಷಮಿಸದೆಯೇ, ಅವನ ಗಾಯಕ್ಕೆ ಪಟ್ಟಿ ಕಟ್ಟಿ, ಆಮೇಲೆ ಅವನನ್ನೇ ಉಪಯೋಗಕ್ಕೆ ತೆಗೆದುಕೊಳ್ಳುವ ಈ ಲೆಕ್ಕಾಚಾರದ ತಲೆ ಮೆಕಾನಿಕ್‌ನದೇ. ಇದನ್ನೂ ನೀವು ಬರೆದಿಲ್ಲ.

ಕೊನೆಯ ಪುಟವನ್ನು ರೈಲು ನಿಲ್ದಾಣದ ಪ್ರೇಮನಿವೇದನೆಗೆ ಮೀಸಲಿಟ್ಟು, ‘ಹೀಗೆ ಅವಳ ತ್ಯಾಗಕ್ಕೆ ಫಲ ದೊರೆಯಿತು’ ಎಂದು ಮುಗಿಸಿದ್ದೀರಿ. ಮದುವೆ ಸಂಬಳವಲ್ಲ, ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ನಿಜವಾಗಿ ಗಮನಿಸಬೇಕಾದದ್ದು ಬೇರೆ ಇದೆ. ಎಡ್ವರ್ಡ್‌ನ ಬಲಗೈ ಮರಳಿ ಬರುತ್ತದೆ, ಎಡಗಾಲು ಬರುವುದಿಲ್ಲ. ಅಂತ್ಯದಲ್ಲಿ ಅವನಿಗೆ ರಸವಿದ್ಯೆಯೂ ಇಲ್ಲ, ಆದರೆ ಉಕ್ಕಿನ ಕಾಲು ಇದೆ. ಕಥೆಯ ಎಲ್ಲ ಮಾಯೆ ಮುಗಿದ ಮೇಲೂ ವಿನ್ರಿಯ ಕೆಲಸ ಮಾತ್ರ ಮುಗಿದಿಲ್ಲ.

ಭಾಷೆಯ ಬಗ್ಗೆ ಸಣ್ಣಪುಟ್ಟ ಮಾತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಆರಂಭಿಸಬೇಡಿ. ಆಯುಧಪೂಜೆಯ ಹೋಲಿಕೆ ನಮ್ಮ ಓದುಗರಿಗೆ ಹತ್ತಿರವಾಗಲೆಂದು ತಂದಿದ್ದೀರಿ, ಆದರೆ ವಿನ್ರಿ ಸ್ಪ್ಯಾನರಿಗೆ ಕುಂಕುಮ ಹಚ್ಚುವವಳಲ್ಲ, ಅದನ್ನು ಎಡ್ವರ್ಡ್‌ನ ತಲೆಗೆ ಗುರಿಯಿಟ್ಟು ಎಸೆಯುವವಳು. ಅರಕಾವಾ ಅವರು ಹೊಕ್ಕೈಡೊದ ಹೈನುಗಾರಿಕೆಯ ಮನೆತನದಲ್ಲಿ ಬೆಳೆದು, ಅಲ್ಲೇ ದುಡಿದವರೆಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ಜೀವನಚರಿತ್ರೆ ಬೇಡ. ‘ರಾಕ್‌ಬೆಲ್’, ‘ರೋಕ್ಬೆಲ್’, ‘ರಾಕ್ಬೆಲ’ ಎಂದು ಮೂರು ಬಗೆಯಲ್ಲಿ ಬರೆದಿರುವ ಹೆಸರನ್ನು ಒಂದೇ ಬಗೆಗೆ ತನ್ನಿ.

ಏಳು ಪುಟಗಳನ್ನು ನಾಲ್ಕಕ್ಕೆ ಇಳಿಸಿ, ಸ್ಕ್ರೂವಿನಿಂದ ಆರಂಭಿಸಿ ಮತ್ತೆ ಕಳುಹಿಸಿಕೊಡಿ. ಗುರುತು ಹಾಕಿದ ಹಸ್ತಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಕೆಂಪು ಶಾಯಿ ಹೆಚ್ಚಾಗಿದ್ದರೆ ಕ್ಷಮೆಯಿರಲಿ.

ವಿಶ್ವಾಸದಿಂದ,
ಸಂಪಾದಕ