ಕೆಂಡಾಮ ಚೆಂಡಿಗೆ ಹೊಳಪಿನ ಬಣ್ಣವೋ, ರಬ್ಬರ್ ಬಣ್ಣವೋ?

ಕೆಂಡಾಮ ಎಂದರೆ ಮೂರು ಬಟ್ಟಲು, ಒಂದು ಮೊನೆ ಇರುವ ಮರದ ಹಿಡಿಗೆ ತೂತಿರುವ ಮರದ ಚೆಂಡನ್ನು ದಾರದಿಂದ ಕಟ್ಟಿದ ಜಪಾನಿ ಆಟಿಕೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ಮೊದಲ ಕೆಂಡಾಮದ ಚೆಂಡಿನ ಬಣ್ಣ ತಿಂಗಳೊಳಗೇ ಚಕ್ಕೆಯೆದ್ದಿದೆ, ಅದು ಕಳಪೆ ಮಾಲೇ? ಇನ್ನೊಂದು ಕೊಳ್ಳುವುದಾದರೆ ಹೊಳಪಿನ ಬಣ್ಣದ್ದು ಒಳ್ಳೆಯದೋ, ರಬ್ಬರಿನಂತೆ ಕೈಗೆ ಹತ್ತುವ ಬಣ್ಣದ್ದೋ?

ಬಣ್ಣ ಎದ್ದದ್ದು ತೂತಿನ ಸುತ್ತ ಮಾತ್ರವಾದರೆ ಅದು ಕಳಪೆಯಲ್ಲ. ಚೆಂಡನ್ನು ಮೊನೆಗೆ ಸಿಕ್ಕಿಸಲು ಕಲಿಯುವಾಗ ಹತ್ತು ಸಲದಲ್ಲಿ ಎಂಟು ಸಲ ಮೊನೆ ಹೋಗಿ ತೂತಿನ ಅಂಚಿಗೇ ಕುಟ್ಟುತ್ತದೆ. ಆ ಪೆಟ್ಟಿಗೆ ಯಾವ ಬಣ್ಣವೂ ತಡೆಯುವುದಿಲ್ಲ. ನನ್ನ ಚೆಂಡುಗಳೆಲ್ಲ ಮೊದಲು ಬೋಳಾದದ್ದು ಅಲ್ಲಿಯೇ. ಹಾಗೆ ಹೊರಬಂದ ಬರಿಯ ಮರ ನನಗಂತೂ ಇಷ್ಟ. ತೂತಿನ ಅಂಚನ್ನು ಬಟ್ಟಲಿನ ಅಂಚಿನ ಮೇಲೆ ಕೂರಿಸಿ ಚೆಂಡನ್ನು ಮೊನೆಗೆ ಒರಗಿಸುವ ‘ಬರ್ಡ್’ ಆಟದಲ್ಲಿ ಮರಕ್ಕೆ ಮರ ಕಚ್ಚಿಕೊಳ್ಳುತ್ತದೆ.

ಇನ್ನು ಬಣ್ಣದ ಆಯ್ಕೆ. ಹಿಡಿತ ಬರುವುದು ಮೆದುತನದಿಂದ, ಬಾಳಿಕೆ ಬರುವುದು ಗಟ್ಟಿತನದಿಂದ. ಎರಡನ್ನೂ ಪೂರ್ತಿಯಾಗಿ ಕೊಡುವ ಚೆಂಡು ನನಗೆ ಇನ್ನೂ ಸಿಕ್ಕಿಲ್ಲ. ‘ಲೈಟ್‌ಹೌಸ್’ ಆಟವನ್ನೇ ನೋಡಿ. ಸುಮಾರು 6 ಸೆಂ.ಮೀ. ವ್ಯಾಸದ ಚೆಂಡನ್ನು ಕೈಯಲ್ಲಿ ಹಿಡಿದು, ಹಿಡಿಯನ್ನು ಮೇಲಕ್ಕೆಳೆದು, ಅದರ ಬುಡದ ಬಟ್ಟಲು ಚೆಂಡಿನ ನೆತ್ತಿಯ ಮೇಲೆ ಕೂರುವಂತೆ ನೆಟ್ಟಗೆ ನಿಲ್ಲಿಸಬೇಕು. ಹೊಳಪಿನ ಬಣ್ಣದ ಮೇಲೆ ಎಳ್ಳಷ್ಟು ಓರೆಯಾದರೂ ಬಟ್ಟಲು ಜಾರಿ ಹಿಡಿ ಉರುಳುತ್ತದೆ. ರಬ್ಬರ್ ಬಣ್ಣದ ಮೇಲೆ ಅದೇ ಓರೆಯಲ್ಲಿ ಒಮ್ಮೆ ತೂಗಾಡಿ ನಿಂತುಬಿಡುತ್ತದೆ. ಮೊದಲ ಸಲ ಅದು ಹಾಗೆ ನಿಂತಾಗ ನಾನು ಉಸಿರು ಬಿಗಿಹಿಡಿದು ನೋಡುತ್ತಾ ನಿಂತಿದ್ದೆ.

ಆದರೆ ಆ ಸುಖ ಬಹಳ ದಿನದ್ದಲ್ಲ. ಬೆವರು, ಧೂಳು ಮೆತ್ತಿಕೊಂಡು ಬಟ್ಟಲು ಕೂರುವ ಜಾಗವೆಲ್ಲ ಸವೆದು ನುಣುಪಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ವಲ್ಪ ಮರಳಿ ಬರುತ್ತದೆ, ಪೂರ್ತಿ ಬರುವುದಿಲ್ಲ. ಸಿಮೆಂಟ್ ನೆಲಕ್ಕೆ ಬಿದ್ದರೆ ಮೆದು ಬಣ್ಣ ಹರಿಯುತ್ತದೆ, ಹರಿದ ಅಂಚಿನಿಂದ ಸಿಪ್ಪೆಯಂತೆ ಏಳುತ್ತಾ ಹೋಗುತ್ತದೆ. ಗಟ್ಟಿ ಬಣ್ಣದಲ್ಲಿ ಬಿದ್ದ ಕಡೆ ಒಂದು ಚಕ್ಕೆ ಹಾರುತ್ತದೆ, ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ.

ಹೊಳಪಿನ ಬಣ್ಣದಲ್ಲಿ ಆಡಲಾಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1975ರಲ್ಲಿ ಶುರುವಾದ ಜಪಾನ್ ಕೆಂಡಾಮ ಸಂಘ ಮಾನ್ಯ ಮಾಡಿರುವ ‘ಓಜೋರಾ’ ಕೆಂಡಾಮಗಳ ಚೆಂಡು ಇಂಥ ನುಣುಪಿನದೇ. ಸಂಘದ ಶ್ರೇಣಿ ಪರೀಕ್ಷೆಗಳಲ್ಲಿ ಲೈಟ್‌ಹೌಸ್ ಕೂಡ ಇದೆ.

ನೀವು ಈಗಷ್ಟೇ ಬಟ್ಟಲು, ಮೊನೆಯ ಆಟಗಳನ್ನು ಕಲಿಯುತ್ತಿದ್ದರೆ ಹೊಳಪಿನದನ್ನೇ ಕೊಳ್ಳಿ. ರಬ್ಬರಿನದಕ್ಕೆ ಹಣ ಹಾಕುವುದು ಲೈಟ್‌ಹೌಸ್, ಅದರಂತೆಯೇ ಚೆಂಡಿನ ಮೇಲೆ ಹಿಡಿಯನ್ನು ನಿಲ್ಲಿಸುವ ‘ಲೂನಾರ್’ ಆಟಗಳಿಗೆ ಕೈಹಾಕಿದ ಮೇಲೆ. ಹಳೆಯ ಚೆಂಡನ್ನು ಎಸೆಯಬೇಡಿ. ಎದ್ದ ಚಕ್ಕೆಗಳ ಅಂಚನ್ನು ನಯವಾದ ಉಪ್ಪುಕಾಗದದಿಂದ ಹಗುರವಾಗಿ ತೀಡಿದರೆ ಸಾಕು, ಇನ್ನೂ ಎಷ್ಟೋ ದಿನ ಆಡಬಹುದು. ತೂತಿನ ಒಳಗೆ ಮಾತ್ರ ಉಜ್ಜಬೇಡಿ, ಅಲ್ಲಿ ಸವೆದರೆ ಮೊನೆ ಸಡಿಲವಾಗಿ ಕೂರುತ್ತದೆ.