ತಾಯಿ-ಮಕ್ಕಳ ಆರೋಗ್ಯದ ಪ್ರಾಜೆಕ್ಟನ್ನು ನಮ್ಮೂರಲ್ಲೇ ಮಾಡಿದರೆ ನಡೆಯುತ್ತದಾ? ಯಾವ ವಿಷಯ ತಗೊಳ್ಳಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಎರಡನೇ ವರ್ಷ. ‘ಜಾಗತಿಕ ತಾಯಿ, ಹದಿಹರೆಯ ಮತ್ತು ಮಕ್ಕಳ ಆರೋಗ್ಯ’ ಅನ್ನೋ ಪೇಪರಿಗೆ ಮೂರು ತಿಂಗಳಲ್ಲಿ ಒಬ್ಬರೇ ಪ್ರಾಜೆಕ್ಟ್ ಮುಗಿಸಬೇಕು. ಜೊತೆಯವರು ಬೇರೆ ದೇಶಗಳ ಅಂಕಿಅಂಶ ಇಳಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ನಿಮಗೆ ಹೊಸನಗರದ ನಿಮ್ಮೂರ ಕಡೆಯೇ ಮಾಡುವ ಆಸೆ. ಆದರೆ ಅದು ‘ಜಾಗತಿಕ’ ಅನಿಸಿಕೊಳ್ಳುತ್ತದಾ, ಮಾಡಿದರೆ ಯಾವ ವಿಷಯ ಅಂತ ಕೇಳಿದ್ದೀರಿ.

ಧೈರ್ಯವಾಗಿ ಮಾಡಿ. ನಾನು ಎಂಪಿಎಚ್ ಓದುವಾಗ ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಬಸುರಿಯರ ರಕ್ತಹೀನತೆ ಮತ್ತು ಕಬ್ಬಿಣಾಂಶದ ಮಾತ್ರೆ ಬಗ್ಗೆ ಮಾಡಿದವಳು. ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಆಗ ನನಗೆ ಯಾರೂ ಹೇಳದೆ ಹೋದದ್ದನ್ನೆಲ್ಲ ನಿಮಗೆ ಹೇಳಬೇಕು ಅನಿಸುತ್ತಿದೆ.

ಮೊದಲು ಆ ‘ಜಾಗತಿಕ’ದ ವಿಚಾರ. ದೂರದ ದೇಶದ್ದು ಮಾತ್ರ ಜಾಗತಿಕ ಅಂತ ಯಾರು ಹೇಳಿದ್ದು? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಯಲ್ಲಿ ಹಸುಗೂಸಿನ ಆರೈಕೆ ಮಾಡಿಸಿದರು. ಎಳೆಗೂಸುಗಳ ಸಾವು ಎಷ್ಟು ಇಳಿಯಿತು ಅನ್ನೋದು 1999ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ಅದೇ ಕೆಲಸ ದೇಶದ ಆಶಾ ಕಾರ್ಯಕರ್ತೆಯರ ಕೈಗೆ ಬಂತು. ಇವತ್ತು ನಿಮ್ಮೂರ ಆಶಾ ಅಕ್ಕ ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರಲ್ಲ, ಅದರ ಬೇರು ಆ ಹಳ್ಳಿಗಳಲ್ಲಿದೆ. ತೂಕ ಕಡಿಮೆಯಿರುವ ಮಗುವನ್ನು ತಾಯಿಯ ಎದೆಗೆ ಅಪ್ಪಿಸಿಡುವ ಕಾಂಗರೂ ಆರೈಕೆ ಶುರುವಾದದ್ದು ಕೊಲಂಬಿಯಾದ ಬೊಗೋಟಾದಲ್ಲಿ, 1978ರಲ್ಲಿ. ಅಲ್ಲಿಯವರೂ ತಮ್ಮ ಊರಿನ ತೊಂದರೆ ನೋಡಿಯೇ ಶುರು ಮಾಡಿದ್ದು. ಹಾಗಾಗಿ ನಿಮ್ಮ ಗೈಡ್ ಕೇಳಿದರೆ ಇದನ್ನೇ ಹೇಳಿ.

ಈಗ ವಿಷಯ ಹುಡುಕೋದು ಹೇಗೆ ಅಂತ. ನನ್ನ ಅನುಭವದಲ್ಲಿ ಒಂದೇ ದಾರಿ. ರಿಜಿಸ್ಟರಿನಲ್ಲಿ ಒಂದು, ಮನೆಯೊಳಗೆ ಇನ್ನೊಂದು ಇರುವ ಜಾಗ ಎಲ್ಲಿದೆ ನೋಡಿ. ಅಲ್ಲಿ ನಿಮ್ಮ ಪ್ರಶ್ನೆ ಸಿಗುತ್ತದೆ.

ನಾನು ಹೋಗಿದ್ದು ದೊಡ್ಡ ಪ್ರಶ್ನಾವಳಿ ಹಿಡಿದುಕೊಂಡು. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದೆ. ‘ತಾವು ಕಬ್ಬಿಣಾಂಶದ ಮಾತ್ರೆಗಳನ್ನು ನಿಯಮಿತವಾಗಿ ಸೇವಿಸುತ್ತಿದ್ದೀರಾ?’ ಅಂತ ಓದಿದರೆ ಎಲ್ಲರೂ ‘ಹ್ಞೂಂ’ ಅನ್ನುತ್ತಿದ್ದರು. ತಾಯಿ ಕಾರ್ಡ್ ನೋಡಿದರೆ ಅಲ್ಲೂ ಮಾತ್ರೆ ಕೊಟ್ಟ ಲೆಕ್ಕ ಸರಿಯಾಗಿ ಬರೆದಿತ್ತು. ಎರಡು ವಾರ ಹೀಗೇ ನಡೆಯಿತು. ಒಂದು ದಿನ ಜೋರು ಮಳೆ, ತೋಟದ ನಡುವಿನ ಒಂಟಿ ಮನೆಯೊಂದರಲ್ಲಿ ಸಿಕ್ಕಿಹಾಕಿಕೊಂಡೆ. ಆ ಮನೆಯ ಸೊಸೆಗೆ ಏಳು ತಿಂಗಳು. ಕಾಫಿ ಮಾಡುತ್ತೇನೆ ಅಂತ ಒಳಗೆ ಕರೆದಳು, ಒಲೆ ಮುಂದೆ ಮಣೆ ಹಾಕಿದಳು. ಬೆಲ್ಲದ ಡಬ್ಬಿ ತೆಗೆಯುವಾಗ ಅದರ ಹಿಂದೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಕಂಡಿತು. ಒಳಗೆ ಕೆಂಪು ಮಾತ್ರೆಯ ಪಟ್ಟಿಗಳು, ರಬ್ಬರ್ ಬ್ಯಾಂಡ್ ಹಾಕಿ ನೀಟಾಗಿ ಜೋಡಿಸಿಟ್ಟದ್ದು. ಮೇಲಿನ ಪಟ್ಟಿಯಲ್ಲಿ ಎರಡು ಗುಳಿ ಮಾತ್ರ ಖಾಲಿ. ನಾನು ನೋಡಿದ್ದನ್ನು ಅವಳೂ ನೋಡಿದಳು. ‘ತಿಂದ್ರೆ ವಾಂತಿ ಬರ್ತದೆ ಅಕ್ಕ. ಬಿಸಾಡಕ್ಕೂ ಮನಸ್ಸಾಗಲ್ಲ, ಆಶಾ ಅಕ್ಕ ಆ ಮಳೇಲಿ ಅಷ್ಟು ದೂರ ನಡ್ಕೊಂಡು ಬಂದು ಕೊಟ್ಟಿದ್ದು’ ಅಂದಳು.

ಅವತ್ತು ರಾತ್ರಿ ಪ್ರಶ್ನಾವಳಿಯನ್ನು ಅರ್ಧಕ್ಕರ್ಧ ಹೊಡೆದು ಹಾಕಿದೆ. ಮಾರನೇ ದಿನದಿಂದ ಮೊದಲು ಕೂತು ಮಾತಾಡುವುದು, ಹೆಸರು ಹಿಡಿದು ಯಾರಿಗೂ ಹೇಳುವುದಿಲ್ಲ ಅಂತ ತಿಳಿಸುವುದು, ಆಮೇಲೆ ‘ಮಾತ್ರೆ ಎಲ್ಲಿಟ್ಟಿದ್ದೀರಿ, ತೋರಿಸ್ತೀರಾ?’ ಅಂತ ಕೇಳಿ ಎಣಿಸುವುದು. ಹಳೇ ಫಾರ್ಮುಗಳನ್ನು ಬಿಟ್ಟೆ. ಆ ಮನೆಗಳಿಗೆಲ್ಲ ಮತ್ತೆ ಹೋದೆ. ಗೈಡ್ ಒಪ್ಪಿದರು. ಆದರೆ ನೈತಿಕ ಸಮಿತಿಗೆ ಬದಲಾವಣೆ ಬರೆದು ಕಳಿಸಿ ಒಪ್ಪಿಗೆ ಬರುವವರೆಗೆ ಕಾಯಬೇಕಾಯಿತು. ನೀವು ಮೊದಲೇ ನಾಲ್ಕೈದು ಮನೆಗೆ ಹೋಗಿ ಪ್ರಶ್ನೆಗಳನ್ನು ಪರೀಕ್ಷೆ ಮಾಡಿಕೊಳ್ಳಿ, ಈ ಕಾಯುವಿಕೆ ತಪ್ಪುತ್ತದೆ.

ವಿಷಯ ಎಷ್ಟು ದೊಡ್ಡದು ಅಂತ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52.2 ಜನರಿಗೆ ರಕ್ತಹೀನತೆ ಇದೆ. 15ರಿಂದ 19 ವರ್ಷದ ಹುಡುಗಿಯರಲ್ಲಿ ಅದು ಶೇ. 59.1. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. ಸರ್ಕಾರ 180 ದಿನ ದಿನಕ್ಕೊಂದು ಮಾತ್ರೆ ಕೊಡುತ್ತದೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮಾತ್ರೆ ಮನೆ ತಲುಪುತ್ತದೆ. ಬಾಯಿಗೆ ಯಾಕೆ ಹೋಗುವುದಿಲ್ಲ ಅನ್ನೋದೇ ಪ್ರಶ್ನೆ. ನಾನು ಕೇಳಿದ ಕಾರಣಗಳು: ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವುದು ನೋಡಿ ಹೆದರಿಕೆ, ಮಗು ಕಪ್ಪಾಗುತ್ತದೆ ಅನ್ನೋ ಅತ್ತೆಯ ಮಾತು, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಅನ್ನೋ ಮಾತು. ತಿನ್ನುವವರಲ್ಲೂ ಕೆಲವರು ಕಬ್ಬಿಣದ್ದು, ಕ್ಯಾಲ್ಸಿಯಂದು ಎರಡನ್ನೂ ಒಟ್ಟಿಗೆ ನುಂಗಿ ಮೇಲೆ ಒಂದು ಲೋಟ ಕಾಫಿ ಕುಡಿಯುತ್ತಿದ್ದರು. ಹಾಗೆ ಮಾಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡು ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆ ಬೇಕು. ಇದನ್ನು ಅವರಿಗೆ ಯಾರೂ ಕೂತು ಬಿಡಿಸಿ ಹೇಳಿರಲಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳದ ಕಾಟವೂ ಇರುತ್ತದೆ, ಜಂತುಹುಳದ ಮಾತ್ರೆ ತಗೊಂಡಿದ್ದಾರಾ ಅಂತಲೂ ಕೇಳಿ.

ಈ ವಿಷಯ ಬೇಡ ಅಂದರೆ, ನಾನು ಈಗ ವಿದ್ಯಾರ್ಥಿನಿಯಾಗಿದ್ದರೆ ಓಡಿಹೋಗಿ ಹಿಡಿಯುತ್ತಿದ್ದ ವಿಷಯ ಬೇರೆ ಇದೆ. ಸಾಗರ ತಾಲ್ಲೂಕಿನ ಸಿಗಂದೂರು ಸೇತುವೆ. ಲಿಂಗನಮಕ್ಕಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಯವರು ದಶಕಗಳ ಕಾಲ ಲಾಂಚನ್ನೇ ನಂಬಿಕೊಂಡಿದ್ದರು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಸುತ್ತು ಬಳಸಿ ಹೋಗಬೇಕಿತ್ತು, ಇಲ್ಲ ಬೆಳಗಿನವರೆಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆ ಆಯಿತು. ಅದಕ್ಕಿಂತ ಮೊದಲು ಹೆತ್ತವರು, ಆಮೇಲೆ ಹೆತ್ತವರು, ಇಬ್ಬರೂ ಇವತ್ತು ಅಲ್ಲೇ ಸಿಗುತ್ತಾರೆ. ಥಡ್ಡಿಯಸ್ ಮತ್ತು ಮೇನ್ 1994ರಲ್ಲಿ ಬರೆದ ‘ಮೂರು ತಡಗಳು’ ನೀವು ಓದಿರುತ್ತೀರಿ. ಆಸ್ಪತ್ರೆಗೆ ಹೋಗಬೇಕು ಅಂತ ತೀರ್ಮಾನ ಮಾಡುವ ತಡ, ತಲುಪುವ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವ ತಡ. ಸೇತುವೆ ಕೈಹಾಕುವುದು ಎರಡನೆಯದಕ್ಕೆ ಮಾತ್ರ. ಗಂಡ ತೋಟದಿಂದ ಬರಲಿ ಅಂತ ಕಾಯುವುದು ಹಾಗೇ ಇದೆಯಾ? ತಲುಪಿದ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಹೆರಿಗೆ ಡಾಕ್ಟರು, ರಕ್ತ ಇರುತ್ತದಾ? ಹದಿನೈದು ತಾಯಂದಿರ ಜೊತೆ ಸಮಾಧಾನವಾಗಿ ಕೂತು ಅವರ ಹೆರಿಗೆ ದಿನದ ಕಥೆಯನ್ನು ಗಂಟೆ ಗಂಟೆ ಲೆಕ್ಕದಲ್ಲಿ ಕೇಳಿದರೂ ಒಂದು ಒಳ್ಳೇ ಪ್ರಾಜೆಕ್ಟ್ ಆಗುತ್ತದೆ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69. ಜಗತ್ತಿನ 2030ರ ಗುರಿ 70ಕ್ಕಿಂತ ಕಡಿಮೆ. ರಾಜ್ಯದ ಸರಾಸರಿ ಗುರಿ ಮುಟ್ಟಿದೆ ನಿಜ. ಆದರೆ ಸರಾಸರಿಯಲ್ಲಿ ಹಿನ್ನೀರಿನ ಆಚೆಯ ಮನೆ ಕಾಣುವುದಿಲ್ಲ ಅಲ್ವಾ?

ರಾಜ್ಯ ಸರ್ಕಾರದ ಊಟದ ಯೋಜನೆ ಮಾತೃಪೂರ್ಣವೂ ಒಳ್ಳೇ ವಿಷಯವೇ. 2017ರ ಅಕ್ಟೋಬರ್ 2ರಂದು ಶುರುವಾದಾಗ ಬಸುರಿ-ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಅಂತ ಇತ್ತು. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿ ಇರುತ್ತವೆ, ನಡೆಯುತ್ತದೆ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಹಳ್ಳ. ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಮಳೆಗಾಲದಲ್ಲಿ ಕಾಲುಸಂಕ ದಾಟಿ ಊಟಕ್ಕೆ ಯಾರು ಬರುತ್ತಾರೆ?

ಸಂಖ್ಯೆ ವಿಚಾರದಲ್ಲಿ ಹುಷಾರು. ಎಷ್ಟು ಮನೆ ನೋಡಬೇಕು ಅನ್ನೋ ಸೂತ್ರ ನಿಮಗೆ ಗೊತ್ತು, 4ಪಿಕ್ಯೂ ಭಾಗಿಸು ಡಿ ವರ್ಗ. ಪಿ ಅಂದರೆ ತೊಂದರೆ ಇರುವವರ ಶೇಕಡಾ, ಕ್ಯೂ ಉಳಿದವರದ್ದು, ಡಿ ಅಂದರೆ ಉತ್ತರ ಎಷ್ಟು ಹೆಚ್ಚುಕಡಿಮೆ ಆದರೂ ಪರವಾಗಿಲ್ಲ ಅನ್ನೋದು. ಶೇ. 52 ಇಟ್ಟುಕೊಂಡು ಶೇ. 5ರ ನಿಖರತೆ ಕೇಳಿದರೆ 400 ಮನೆ ಬೇಕು. ಶೇ. 10 ಸಾಕು ಅಂದರೆ 100. ಮಲೆನಾಡಿನಲ್ಲಿ ಒಬ್ಬರೇ ನಡೆದರೆ ದಿನಕ್ಕೆ ನಾಲ್ಕೈದು ಮನೆ ಆದರೆ ಹೆಚ್ಚು. ಸುಮ್ನೆ 400 ಅಂತ ಬರೆದು ಕೊನೆಗೆ ಫಾರ್ಮ್ ತುಂಬಿಸೋಕೆ ಓಡುವುದಕ್ಕಿಂತ 100 ಮನೆಯನ್ನು ಸರಿಯಾಗಿ ನೋಡಿ.

ಯಾವ ತಿಂಗಳು ಅನ್ನೋದೂ ಮುಖ್ಯ. ಜುಲೈ-ಆಗಸ್ಟ್‌ನಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಮೊಬೈಲಿನಲ್ಲಿ ಫಾರ್ಮ್ ತುಂಬುವ ಯೋಚನೆ ಬಿಡಿ, ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಉಂಬಳಕ್ಕೆ (ಜಿಗಣೆಗೆ) ಸುಣ್ಣವೋ ಉಪ್ಪೋ ಜೊತೆಗಿರಲಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಹಗಲು ಯಾರೂ ಸಿಗುವುದಿಲ್ಲ. ಆದರೆ ಸಂಜೆ ಮೇಲೆ ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯೋಕೆ ಕೂರುತ್ತಾರೆ. ನೀವೂ ಪಕ್ಕದಲ್ಲಿ ಕೂತರೆ ಯಾವ ಪ್ರಶ್ನಾವಳಿಯಲ್ಲೂ ಬಾರದ ಮಾತುಗಳು ಬರುತ್ತವೆ. ಒಬ್ಬೊಬ್ಬರ ಸ್ವಂತ ವಿಷಯ ಮಾತ್ರ ಅಲ್ಲಿ ಎತ್ತಬೇಡಿ, ಅದಕ್ಕೆ ಮನೆಗೇ ಹೋಗಿ.

ಇನ್ನೊಂದು, ತವರು. ಮೊದಲ ಬಸುರಿ ಸೀಮಂತ ಆದ ಮೇಲೆ ತವರಿಗೆ ಹೋಗುತ್ತಾಳೆ, ಬಾಣಂತನ ಮುಗಿಸಿ ಮಗುವಿಗೆ ಮೂರು ತಿಂಗಳೋ ಐದು ತಿಂಗಳೋ ಆದ ಮೇಲೆ ಬರುತ್ತಾಳೆ. ಹೊಸನಗರದಲ್ಲಿ ನೋಂದಣಿ ಆದವಳು ಸೊರಬದಲ್ಲಿ ಹೆರುತ್ತಾಳೆ. ಬಸುರಿಯಿಂದ ಮಗುವಿನ ಲಸಿಕೆವರೆಗೆ ಒಬ್ಬಳನ್ನೇ ಹಿಂಬಾಲಿಸುತ್ತೇನೆ ಅಂತ ಬರೆದುಕೊಟ್ಟರೆ ಅರ್ಧ ಜನ ಕೈಗೆ ಸಿಗುವುದಿಲ್ಲ. ಆಶಾ ಅಕ್ಕನ ಆ ಆರು ಭೇಟಿ ತವರುಮನೆಯಲ್ಲಿ ಯಾರ ಲೆಕ್ಕಕ್ಕೆ ಬರುತ್ತದೆ, ನಿಜವಾಗಿ ಆಗುತ್ತದಾ? ಇದೇ ಒಂದು ಪ್ರಾಜೆಕ್ಟ್!

ಹದಿಹರೆಯದ ಹುಡುಗಿಯರ ಬಗ್ಗೆ ಮಾಡುವ ಮನಸ್ಸಿದ್ದರೆ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಇದೆ, ಶುಚಿ ಯೋಜನೆಯ ಪ್ಯಾಡ್ ಇದೆ, ಶಾಲೆಯ ಶೌಚಾಲಯದಲ್ಲಿ ನೀರು ಇದೆಯಾ ಅನ್ನೋದಿದೆ. 18 ತುಂಬದವರಾದರೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು, ಹುಡುಗಿಯ ಒಪ್ಪಿಗೆಯೂ ಬೇಕು. ಬಾಲ ಗರ್ಭಿಣಿಯರ ವಿಷಯ ಮುಟ್ಟುವ ಮೊದಲು ಮಾತ್ರ ದಯವಿಟ್ಟು ಗೈಡ್ ಜೊತೆ, ನೈತಿಕ ಸಮಿತಿ ಜೊತೆ ಕೂತು ಮಾತಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅಂಥದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ನಂಬಿ ಮಾತಾಡಿದ ಹುಡುಗಿಗೆ ಆಮೇಲೆ ಇದನ್ನು ಹೇಳುವ ಹಾಗೆ ಆಗಬಾರದು.

ಜಿಲ್ಲಾ ಆರೋಗ್ಯಾಧಿಕಾರಿಯ ಅನುಮತಿ ಪತ್ರ, ಅಂಗನವಾಡಿಗೆ ಹೋಗುವುದಾದರೆ ಮಹಿಳಾ ಮತ್ತು ಮಕ್ಕಳ ಇಲಾಖೆಯದ್ದು, ಎರಡನ್ನೂ ಮೊದಲೇ ಮಾಡಿಸಿಕೊಳ್ಳಿ. ನೀವೇ ಹಿಮೋಗ್ಲೋಬಿನ್ ನೋಡುವುದಾದರೆ 7ಕ್ಕಿಂತ ಕಡಿಮೆ ಬಂದವರನ್ನು ಅವತ್ತೇ ಎಲ್ಲಿಗೆ ಕಳಿಸುವುದು, ತಾಲ್ಲೂಕು ಆಸ್ಪತ್ರೆಗಾ ಶಿವಮೊಗ್ಗದ ಮೆಗ್ಗಾನ್‌ಗಾ, ಗಾಡಿ ಯಾರದ್ದು ಅಂತ ವೈದ್ಯಾಧಿಕಾರಿ ಜೊತೆ ಮಾತಾಡಿಟ್ಟುಕೊಳ್ಳಿ. ಸಂಖ್ಯೆ ಬರೆದುಕೊಂಡು ಎದ್ದು ಬರುವ ಕೆಲಸ ಮಾಡಬೇಡಿ.

ವಿಷಯ ಅಂತಿಮ ಮಾಡುವ ಮೊದಲು ನಿಮ್ಮೂರ ಆಶಾ ಅಕ್ಕನ ಜೊತೆ ಒಂದು ಇಡೀ ದಿನ ನಡೆಯಿರಿ. ಪ್ರಾಜೆಕ್ಟ್ ಮುಗಿದ ಮೇಲೆ ನಾನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಂಡು ಅಂಗನವಾಡಿಯ ತಾಯಂದಿರ ಸಭೆಗೆ ಹೋದೆ. ಮಾತ್ರೆಯನ್ನು ರಾತ್ರಿ ಊಟ ಆದ ಮೇಲೆ ತಗೊಳ್ಳಿ, ಕಾಫಿ ಜೊತೆ ಬೇಡ, ಕ್ಯಾಲ್ಸಿಯಂ ಬೆಳಗ್ಗೆ, ಮಲ ಕಪ್ಪಾದರೆ ಹೆದರಬೇಡಿ, ಇಷ್ಟೇ. ಓದಿ ಮುಗಿಸಿದ ಮೇಲೆ ಆಶಾ ಅಕ್ಕ ಆ ಹಾಳೆ ಇಸಿದುಕೊಂಡು, ‘ಮುಂಚೆನೇ ನನ್ನ ಕೇಳಿದ್ರೆ ವಾಂತಿ ವಿಷಯ ನಾನೇ ಹೇಳ್ತಿದ್ದೆ ಮಾರಾಯ್ತಿ’ ಅಂದರು. ಆಮೇಲೆ ಹಾಳೆಯನ್ನು ಮಡಚಿ ತಮ್ಮ ಡೈರಿಯೊಳಗೆ ಇಟ್ಟುಕೊಂಡರು.