ಓದುಗರ ಪ್ರಶ್ನೆ: ಯುದ್ಧಕ್ಕೆ ಹೋಗಿದ್ದ ಅಜ್ಜನ ದಾಖಲೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ಕಾರವಾರ ತಾಲೂಕಿನ ಒಂದು ಹಳ್ಳಿ. ನನ್ನ ತಂದೆಯ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಬರ್ಮಾಕ್ಕೆ ಹೋಗಿದ್ದರಂತೆ. 1946ರಲ್ಲಿ ಊರಿಗೆ ಮರಳಿ ಮತ್ತೆ ಗದ್ದೆಗೆ ಇಳಿದರು; ನಾನು ಹುಟ್ಟುವ ಮೊದಲೇ ತೀರಿಕೊಂಡರು. ಕಳೆದ ವರ್ಷ ಹಳೆಯ ಮನೆಯನ್ನು ಬಿಚ್ಚುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನಕ್ಷತ್ರದ ಆಕಾರದ ಎರಡು ಪದಕ, ದುಂಡಗಿನ ಒಂದು ಪದಕ ಮತ್ತು ಗೆದ್ದಲು ತಿಂದ ಒಂದು ಕಾಗದ ಸಿಕ್ಕವು. ಅವರು ಯಾವ ಪಲ್ಟಣದಲ್ಲಿದ್ದರು, ಅಲ್ಲಿ ಏನು ಮಾಡಿದರು ಎಂಬುದನ್ನು ಈಗ ತಿಳಿಯಲು ಸಾಧ್ಯವೇ?
— ಓದುಗರೊಬ್ಬರು, ಕಾರವಾರ

ಉತ್ತರ: ಬಹುಮಟ್ಟಿಗೆ ಸಾಧ್ಯವಿದೆ. ಆದರೆ ಮೊದಲು ಒಂದು ವಿನಂತಿ: ಪದಕಗಳನ್ನು ದಯವಿಟ್ಟು ತಿಕ್ಕಿ ತೊಳೆಯಬೇಡಿ. ನಮ್ಮ ದೊಡ್ಡಪ್ಪನ ಪದಕಗಳನ್ನು ಮನೆಯ ಹೆಂಗಸರು ಪ್ರತಿ ದೀಪಾವಳಿಗೂ ದೇವರ ಪಾತ್ರೆಗಳ ಜೊತೆ ಇಟ್ಟು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು. ಅವರ ಮಟ್ಟಿಗೆ ಅದು ಗೌರವವೇ ಆಗಿತ್ತು. ನಾನು ಅಂಚನ್ನು ಓದಲು ಕುಳಿತ ಹೊತ್ತಿಗೆ ನಂಬರಿನ ಕೊನೆಯ ಎರಡು ಅಂಕಿಗಳು ಸವೆದು ನುಣುಪಾಗಿದ್ದವು, ಆ ಎರಡು ಅಂಕಿಗಳಿಗಾಗಿ ಎರಡು ವರ್ಷ ಪತ್ರ ಬರೆಯುತ್ತಾ ಕುಳಿತೆ.

ಭಾರತೀಯ ಸೈನಿಕರಿಗೆ ಕೊಟ್ಟ ಆ ಕಾಲದ ಪದಕಗಳಲ್ಲಿ ಅನೇಕವುಗಳ ಮೇಲೆ, ದುಂಡಗಿನದಾದರೆ ಅಂಚಿನಲ್ಲಿ, ನಕ್ಷತ್ರವಾದರೆ ಹಿಂಬದಿಯಲ್ಲಿ, ಸೈನಿಕನ ನಂಬರು, ಹುದ್ದೆ, ಹೆಸರು ಮತ್ತು ಪಲ್ಟಣವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಬಳಿ ಕುಳಿತು, ಪದಕವನ್ನು ಬೆರಳ ತುದಿಯಲ್ಲಿ ನಿಧಾನವಾಗಿ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ನೋಡಿದರೆ, ಕಪ್ಪಾದ ಲೋಹದಲ್ಲಿಯೂ ಅಕ್ಷರಗಳ ನೆರಳು ಎದ್ದು ಬರುತ್ತದೆ. ಕಾಣಿಸಿದ್ದನ್ನು ಕಾಣಿಸಿದ ಹಾಗೆಯೇ ಬರೆದುಕೊಳ್ಳಿ. ಅರ್ಥವಾಗದ ಸಂಕ್ಷೇಪಗಳನ್ನು ತಿದ್ದಬೇಡಿ. ‘ಎಸ್‌ಪಿಆರ್’ ಎಂದಿದ್ದರೆ ಅವರು ಸ್ಯಾಪರ್, ಅಂದರೆ ಸೇತುವೆ, ರಸ್ತೆ, ನೆಲಬಾಂಬುಗಳ ಕೆಲಸ ಮಾಡುವ ಎಂಜಿನಿಯರ್ ದಳದವರು. ‘ಎನ್‌ಕೆ’ ಎಂದರೆ ನಾಯಕ್ ಹುದ್ದೆ.

ಹೆಸರು ಒತ್ತಿಲ್ಲದಿದ್ದರೂ ಪದಕ ತನ್ನಷ್ಟಕ್ಕೆ ಬಹಳಷ್ಟು ಹೇಳುತ್ತದೆ. ಆರು ಮೊನೆಯ ನಕ್ಷತ್ರದ ನಡುವಿನ ವೃತ್ತದಲ್ಲಿ ಅದರ ಹೆಸರು ಬರೆದಿರುತ್ತದೆ. ನೀವು ಹೇಳುವ ಎರಡು ನಕ್ಷತ್ರಗಳಲ್ಲಿ ಒಂದು ‘1939-45 ಸ್ಟಾರ್’, ಇನ್ನೊಂದು ‘ಬರ್ಮಾ ಸ್ಟಾರ್’ ಆಗಿರಬೇಕೆಂದು ನನ್ನ ಊಹೆ. ಬರ್ಮಾ ಸ್ಟಾರನ್ನು ತೂಗುಹಾಕುವ ಬಟ್ಟೆಯ ಪಟ್ಟಿಯಲ್ಲಿ (ರಿಬ್ಬನ್) ನಡುವೆ ಅಗಲವಾದ ಕೆಂಪು, ಎರಡೂ ಬದಿಗೆ ಕಡುನೀಲಿ, ಆ ನೀಲಿಯ ನಡುವೆ ಕಿತ್ತಳೆ ಗೆರೆ ಇರುತ್ತದೆ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರ ನಡುವೆ ಆ ರಣರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಅದು ಸಲ್ಲುತ್ತಿತ್ತು. ಆದ್ದರಿಂದ ಆ ನಕ್ಷತ್ರ ಕೈಯಲ್ಲಿದ್ದರೆ ‘ಬರ್ಮಾಕ್ಕೆ ಹೋಗಿದ್ದರಂತೆ’ ಎಂಬ ಮಾತಿನ ‘ಅಂತೆ’ಯನ್ನು ನೀವು ಬಹುಮಟ್ಟಿಗೆ ತೆಗೆದುಹಾಕಬಹುದು; ಅಸ್ಸಾಂ, ಬಂಗಾಳದ ಕಡೆ ಸೇವೆ ಸಲ್ಲಿಸಿದ ಕೆಲವರಿಗೂ ಅದು ಸಿಕ್ಕಿತ್ತು ಎಂಬುದು ಮಾತ್ರ ನೆನಪಿರಲಿ. ದುಂಡು ಪದಕದ ಒಂದು ಬದಿಗೆ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹವಿದ್ದರೆ ಅದು ವಾರ್ ಮೆಡಲ್. ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್.

ಗೆದ್ದಲು ತಿಂದ ಕಾಗದ ಡಿಸ್ಚಾರ್ಜ್ ಸರ್ಟಿಫಿಕೇಟ್ ಆಗಿದ್ದರೆ ಅದು ಪದಕಗಳಿಗಿಂತ ಮುಖ್ಯ. ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಮಳೆಗಾಲ ಕಳೆದ ಮೇಲೆ, ಗಾಳಿಯಲ್ಲಿ ತೇವ ಕಡಿಮೆಯಾದಾಗ, ಎರಡು ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿಟ್ಟು ಫೋಟೋ ತೆಗೆಯಿರಿ. ಸೇರಿದ ದಿನ, ಬಿಡುಗಡೆಯಾದ ದಿನ, ಬಿಡುಗಡೆಯ ಕಾರಣ, ಮೈಮೇಲಿನ ಗುರುತು, ಇವುಗಳ ಜೊತೆ ಕಾಗದ ಕೊಟ್ಟ ರೆಕಾರ್ಡ್ ಆಫೀಸಿನ ಮೊಹರೂ ಅದರಲ್ಲಿ ಇರುವ ಸಾಧ್ಯತೆ ಹೆಚ್ಚು.

ಮುಂದಿನ ಹೆಜ್ಜೆ ಆ ರೆಕಾರ್ಡ್ ಆಫೀಸಿಗೆ ಪತ್ರ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, 1956ರವರೆಗೂ ಹಾಗೆಯೇ ಇತ್ತು. ಆದ್ದರಿಂದ ಇಲ್ಲಿಯ ಹುಡುಗರು ಮುಂಬಯಿ ಕಡೆಯ ದಳಗಳಿಗೆ ಸೇರುವುದು ಸಹಜವಾಗಿತ್ತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ, ಬಾಂಬೆ ಸ್ಯಾಪರ್ಸ್ ಕೇಂದ್ರ ಪುಣೆಯ ಖಡಕಿಯಲ್ಲಿದೆ. ಪತ್ರದಲ್ಲಿ ಊರನ್ನು ಇಂದಿನ ಹೆಸರಿನಲ್ಲಿ ಮಾತ್ರವಲ್ಲ, ಅಂದಿನ ರೀತಿಯಲ್ಲಿಯೂ ಬರೆಯಿರಿ: ತಾಲೂಕು ಕಾರವಾರ, ಜಿಲ್ಲೆ ನಾರ್ತ್ ಕೆನರಾ, ಪ್ರಾಂತ ಬಾಂಬೆ. ಅಜ್ಜನ ಹೆಸರಿಗೆ ಮೂರು ನಾಲ್ಕು ಬಗೆಯ ಇಂಗ್ಲಿಷ್ ಕಾಗುಣಿತ ಕೊಡಿ, ಏಕೆಂದರೆ ಭರ್ತಿಯ ದಿನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಕೊಂಕಣಿ ಮಾತನಾಡುವ ಹುಡುಗನ ಹೆಸರು ಮರಾಠಿ ಗುಮಾಸ್ತನ ಕೈಯಲ್ಲಿ ಬೇರೆಯೇ ಆಗಿರಬಹುದು.

ಒಂದು ಕಹಿ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಸಿಪಾಯಿಗೆ ಪೆನ್ಷನ್ ಸಿಗಲು 15 ವರ್ಷದ ಸೇವೆ ಬೇಕು. ಯುದ್ಧಕ್ಕೆಂದೇ ಸೇರಿ ಯುದ್ಧ ಮುಗಿದ ಮೇಲೆ ಮನೆಗೆ ಬಂದವರಿಗೆ ಪೆನ್ಷನ್ ಇರಲಿಲ್ಲ, ಪೆನ್ಷನ್ ಇಲ್ಲದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮ ಸೇನೆಯಲ್ಲಿದೆ. ಹೀಗಾಗಿ ‘ದಾಖಲೆ ನಾಶವಾಗಿದೆ’ ಎಂಬ ಉತ್ತರ ಬಂದರೆ ಎದೆಗುಂದಬೇಡಿ, ಅಲ್ಲಿಗೇ ನಿಲ್ಲಿಸಲೂ ಬೇಡಿ. ‘ಲಾಂಗ್ ರೋಲ್’ ಎಂಬ ದೊಡ್ಡ ನೋಂದಣಿ ಪುಸ್ತಕವನ್ನು ಉಳಿಸಿಕೊಂಡಿರುತ್ತಾರೆ. ಪತ್ರದಲ್ಲಿ ಆ ಹೆಸರನ್ನೇ ಬರೆದು, ಲಾಂಗ್ ರೋಲಿನಲ್ಲಿ ಇರುವ ವಿವರದ ಪ್ರತಿ ಬೇಕೆಂದು ಕೇಳಿ. ಉತ್ತರವೇ ಬಾರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು, ನೀವು ಮೊಮ್ಮಗನೆಂಬುದಕ್ಕೆ ದಾಖಲೆಯನ್ನೂ ಇಡಿ. ಕಾರವಾರದ ಸೈನಿಕ ಕಲ್ಯಾಣ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಪೆನ್ಷನ್ ಇಲ್ಲದ ಮಹಾಯುದ್ಧದ ಯೋಧರಿಗೂ ಅವರ ವಿಧವೆಯರಿಗೂ ಮಾಸಾಶನ ಕೊಡುವ ವ್ಯವಸ್ಥೆ ಮುಂದೆ ಬಂದಿದ್ದರಿಂದ, ನಿಮ್ಮ ಅಜ್ಜಿ ಬಹಳ ಕಾಲ ಬದುಕಿದ್ದರೆ ಅವರ ಹೆಸರಿನ ಅರ್ಜಿಯಲ್ಲಿ ಅಜ್ಜನ ನಂಬರು ಸಿಗಬಹುದು.

ಪಲ್ಟಣ ಯಾವುದೆಂದು ಖಚಿತವಾದ ಮೇಲೆ ಅಜ್ಜ ಎಲ್ಲಿದ್ದರು ಎಂಬುದು ಪಲ್ಟಣದ ದಿನಚರಿಯಿಂದ ತಿಳಿಯುತ್ತದೆ. ಯುದ್ಧಕಾಲದಲ್ಲಿ ಪ್ರತಿ ದಳವೂ ‘ವಾರ್ ಡೈರಿ’ ಬರೆಯುತ್ತಿತ್ತು. ಬರ್ಮಾ ರಣರಂಗದ ಡೈರಿಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಿಪಾಯಿಯ ಹೆಸರು ಅವುಗಳಲ್ಲಿ ಅಪರೂಪ, ಆದರೆ ಯಾವ ದಿನ ಯಾವ ಹೊಳೆ ದಾಟಿದರು, ಯಾವ ಗುಡ್ಡದಲ್ಲಿ ಬೀಡುಬಿಟ್ಟರು ಎಂಬುದು ಇರುತ್ತದೆ. ಮರಾಠಾ ದಳಗಳೆಲ್ಲ ಒಂದೇ ಕಡೆ ಇರಲಿಲ್ಲ ಎಂಬುದನ್ನು ಮರೆಯಬಾರದು: 3ನೇ ಬೆಟಾಲಿಯನ್ 1941ರಲ್ಲಿ ಆಫ್ರಿಕಾದ ಎರಿಟ್ರಿಯಾದ ಕೆರೆನ್ ಯುದ್ಧದಲ್ಲಿತ್ತು, 2ನೇ ಬೆಟಾಲಿಯನ್ 1942ರ ಜೂನ್‌ನಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ ಸೆರೆಯಾಯಿತು, 4ನೇ ಬೆಟಾಲಿಯನ್ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಕ್‌ನಲ್ಲಿ ಜಪಾನೀಯರನ್ನು ತಡೆದು ನಿಂತಿತ್ತು. ಬೆಟಾಲಿಯನ್ನಿನ ಸಂಖ್ಯೆ ತಪ್ಪಿದರೆ ಖಂಡವೇ ತಪ್ಪುತ್ತದೆ.

ಮನೆಯವರು ಹೇಳುವ ಕಥೆಗೂ ದಾಖಲೆಗೂ ಹೊಂದಿಕೆಯಾಗದೆ ಹೋದರೆ ನೋಯಬೇಡಿ. ಅಜ್ಜ ಬಂದೂಕು ಹಿಡಿದವರಲ್ಲ, ರೇಶನ್ ಲಾರಿ ಓಡಿಸಿದವರು ಅಥವಾ ಪಲ್ಟಣದ ಅಡುಗೆಮನೆಯಲ್ಲಿ ಅಡುಗೆ ಮಾಡಿದವರು ಎಂದು ಗೊತ್ತಾಗಬಹುದು. ಬರ್ಮಾದ ಕೆಸರಿನಲ್ಲಿ, ಮಲೇರಿಯಾದ ನಡುವೆ ಆ ಲಾರಿ ಬಾರದೆ ಹೋಗಿದ್ದರೆ ಮುಂದಿದ್ದವರು ಬದುಕುತ್ತಿರಲಿಲ್ಲ. ಮಾಡದ ಸಾಹಸವನ್ನು ಅವರ ಹೆಸರಿಗೆ ಕಟ್ಟಿದರೆ, ಅವರು ನಿಜವಾಗಿ ಪಟ್ಟ ಪಾಡು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮ ಮನೆತನದಲ್ಲಿ ದೊಡ್ಡಜ್ಜ ಕರನಿರಾಕರಣೆ ಚಳವಳಿಯಲ್ಲಿ ಜೈಲಿಗೆ ಹೋದವರು. ಅವರ ಸ್ವಂತ ತಮ್ಮ ಬ್ರಿಟಿಷರ ಸೈನ್ಯಕ್ಕೆ ಸೇರಿದರು. ದೊಡ್ಡಜ್ಜನ ಫೋಟೋ ಜಗುಲಿಯಲ್ಲಿದೆ, ತಮ್ಮನದು ಎಲ್ಲಿಯೂ ಇಲ್ಲ. ಬರುವ ಕುಟುಂಬ ಸಮಾರಂಭದಲ್ಲಿ ಇಬ್ಬರನ್ನೂ ಸ್ಮರಿಸಬೇಕೆಂದು ನಾನು ಹೇಳಿದಾಗ ಕೆಲವು ಹಿರಿಯರು ಒಪ್ಪಲಿಲ್ಲ. ನಿಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ಸಿರ್ಸಿ

ಉತ್ತರ: ಹಿರಿಯರ ಮನಸ್ಸು ನನಗೆ ಅರ್ಥವಾಗುತ್ತದೆ. 1932ರಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳ ರೈತರು ಕಂದಾಯ ಕೊಡಲು ನಿರಾಕರಿಸಿ ಮನೆ, ಜಮೀನು, ದನಕರುಗಳನ್ನು ಕಳೆದುಕೊಂಡರು. ಅಂಥ ಮನೆಯ ಹುಡುಗ ಅದೇ ಸರ್ಕಾರದ ಸಮವಸ್ತ್ರ ತೊಟ್ಟಾಗ ಮನೆಯಲ್ಲಿ ಎಂಥ ಮಾತುಗಳು ನಡೆದಿರಬಹುದೆಂದು ನಾವು ಊಹಿಸಬಹುದಷ್ಟೇ. ಆದರೆ ಆ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಜಪ್ತಿಯಾದ ಜಮೀನಿನ ಮನೆಗೆ ತಿಂಗಳಿಗೊಮ್ಮೆ ಬರುವ ಮನಿಯಾರ್ಡರು ಏನಾಗಿತ್ತು ಎಂಬುದನ್ನೂ ಎಣಿಸಬೇಕು. ಅಣ್ಣ ಜೈಲಿನಲ್ಲಿದ್ದಾಗ ಒಲೆ ಉರಿಸಿದ್ದು ತಮ್ಮನ ಸಂಬಳವೇ ಆಗಿದ್ದಿರಬಹುದು. ಹಿರಿಯರನ್ನು ಅದನ್ನು ಮೆಲ್ಲಗೆ ಕೇಳಿ ನೋಡಿ.

ನಮ್ಮ ಜಿಲ್ಲೆಯದೇ ಒಂದು ನಿದರ್ಶನವಿದೆ. ಕಾರವಾರ ತಾಲೂಕಿನ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ 1940ರಲ್ಲಿ ಬಾಂಬೆ ಸ್ಯಾಪರ್ಸ್ ಸೇರಿದರು ಮತ್ತು ಬರ್ಮಾದ ಅರಾಕಾನ್‌ನಲ್ಲಿ ಸೇವೆ ಸಲ್ಲಿಸಿದರು. ಅಂದಿನ ಸೇನೆ ಬ್ರಿಟಿಷರದೇ. ಅಲ್ಲಿ ಕಲಿತ ಅದೇ ವಿದ್ಯೆಯಿಂದ ಅವರು 1948ರ ಏಪ್ರಿಲ್‌ನಲ್ಲಿ, ಕಾಶ್ಮೀರದ ಯುದ್ಧದಲ್ಲಿ, ಗಾಯಗೊಂಡಿದ್ದರೂ, ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯ ನೆಲಬಾಂಬುಗಳನ್ನೂ ತಡೆಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು, ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರಾದರು. ಕಾರವಾರದ ಟಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿ ಅವರ ಪ್ರತಿಮೆ ನಿಂತಿದೆ. ಅದರ ಮುಂದೆ ನಿಂತು ನಮಸ್ಕರಿಸುವವರು 1940ರ ಭರ್ತಿಯನ್ನು ದೋಷವೆಂದು ಎಣಿಸುವುದಿಲ್ಲ. ನಿಮ್ಮ ಮನೆಯ ತಮ್ಮನಿಗೆ ಇನ್ನೊಂದು ಯುದ್ಧ ಒದಗಿ ಬರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು. ದೆಹಲಿಯ ಇಂಡಿಯಾ ಗೇಟಿನಲ್ಲಿರುವ ಹೆಸರುಗಳು ಮೊದಲ ಮಹಾಯುದ್ಧ ಮತ್ತು ಮೂರನೇ ಆಫ್ಘನ್ ಯುದ್ಧದವು. 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿರುವುದು ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳು. ಎರಡನೇ ಮಹಾಯುದ್ಧದಿಂದ ಜೀವಂತ ಮರಳಿದವನ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ನಿಮ್ಮ ಜಗುಲಿಯ ಗೋಡೆಯಲ್ಲಿ ಇಲ್ಲದಿದ್ದರೆ ಮತ್ತೆಲ್ಲಿ ಇರಬೇಕು? ಇಬ್ಬರ ಫೋಟೋಗಳನ್ನೂ ಒಂದೇ ಅಳತೆಯ ಚೌಕಟ್ಟಿನಲ್ಲಿ ಹಾಕಿಸಿ, ಕೆಳಗೆ ಒಬ್ಬರ ಜೈಲುವಾಸದ ಅವಧಿಯನ್ನು, ಇನ್ನೊಬ್ಬರ ನಂಬರು, ಪಲ್ಟಣ, ಸೇವಾವಧಿಯನ್ನು ಬರೆಸಿ. ವಿಶೇಷಣಗಳು ಬೇಡ.

ಪ್ರಶ್ನೆ: ನನ್ನ ಅಜ್ಜಿಯ ಅಣ್ಣ ಹೊನ್ನಾವರದಿಂದ ಮುಂಬಯಿಗೆ ಹೋಗಿ ಸರಕು ಹಡಗಿನ ಖಲಾಸಿಯಾದರು, ಯುದ್ಧದ ವರ್ಷಗಳಲ್ಲಿ ಹೋದವರು ಬರಲೇ ಇಲ್ಲ. ಸೈನಿಕರಲ್ಲದ ಇಂಥವರ ಲೆಕ್ಕ ಎಲ್ಲಿಯಾದರೂ ಇದೆಯೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಇದೆ. 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಯುದ್ಧದಲ್ಲಿ ಮಡಿದ ಸೈನಿಕರ ಜೊತೆ ಸರಕು ಹಡಗುಗಳ ನಾವಿಕರ ಹೆಸರುಗಳನ್ನೂ ಕಾಯ್ದಿಟ್ಟಿದೆ. ಸಮುದ್ರವೇ ಸಮಾಧಿಯಾದ ಅವಿಭಜಿತ ಭಾರತದ 6 ಸಾವಿರಕ್ಕೂ ಹೆಚ್ಚು ನಾವಿಕರ ಹೆಸರುಗಳ ಪುಸ್ತಕವನ್ನು ಮುಂಬಯಿಯ ನಾವಿಕರ ವಸತಿಗೃಹದಲ್ಲಿ ಇರಿಸಿದ್ದಾರೆ, ಅದರ ಇನ್ನೊಂದು ಪ್ರತಿ ಚಿತ್ತಗಾಂಗ್‌ನಲ್ಲಿದೆ. ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹುಡುಕಿದರೆ ಹಡಗಿನ ಹೆಸರು ಮತ್ತು ಮುಳುಗಿದ ದಿನ ಸಿಗಬಹುದು. ಆ ದಿನ ಸಿಕ್ಕರೆ, ತಿಥಿಯೇ ಗೊತ್ತಿಲ್ಲದೆ ಇಷ್ಟು ವರ್ಷ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತಾ ಬಂದ ಮನೆಗೆ ಅದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ನಮ್ಮ ಊರಿನಲ್ಲಿ 1971ರ ಯುದ್ಧದಲ್ಲಿದ್ದ ಒಬ್ಬ ಮಾಜಿ ಸೈನಿಕರಿದ್ದಾರೆ. ಶಾಲೆಯ ವತಿಯಿಂದ ಅವರನ್ನು ಸನ್ಮಾನಿಸಬೇಕೆಂದಿದ್ದೇವೆ. ಹೇಗೆ ಮಾಡಿದರೆ ಚೆನ್ನ?
— ಶಿಕ್ಷಕರೊಬ್ಬರು, ಕುಮಟಾ

ಉತ್ತರ: ಶಾಲು, ಹಾರ, ಫಲತಾಂಬೂಲ ಇರಲಿ. ಆದರೆ ನಾಲ್ಕು ಜನರ ಭಾಷಣ ಮುಗಿದ ಮೇಲೆ ಅವರಿಗೆ ಎರಡು ನಿಮಿಷ ಕೊಡುವ ಬದಲು ಅವರೊಬ್ಬರೇ ಮಾತನಾಡುವಂತೆ ಏರ್ಪಡಿಸಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ ಅಥವಾ 16ರ ವಿಜಯ ದಿವಸ ಇದಕ್ಕೆ ತಕ್ಕ ದಿನಗಳು. ಅದಕ್ಕೂ ಮೊದಲು ಒಂದು ಮಧ್ಯಾಹ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗಿ ಮೊಬೈಲಿನಲ್ಲಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಎಷ್ಟು ಶತ್ರುಗಳನ್ನು ಕೊಂದಿರಿ ಎಂದು ಮಕ್ಕಳು ಕೇಳದ ಹಾಗೆ ಮೊದಲೇ ತಿಳಿಹೇಳಿ. ಮೊದಲ ದಿನ ಏನು ಊಟ ಮಾಡಿದಿರಿ, ಮನೆಗೆ ಪತ್ರ ಎಷ್ಟು ದಿನಕ್ಕೆ ತಲುಪುತ್ತಿತ್ತು, ಪಕ್ಕದ ಹಾಸಿಗೆಯವರು ಯಾವ ಊರಿನವರು ಎಂದು ಕೇಳಿಸಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಧ್ವನಿಮುದ್ರಣದ ಆರಂಭದಲ್ಲಿ ದಿನಾಂಕ, ಹೆಸರು, ಪಲ್ಟಣ ಮತ್ತು ಸರ್ವಿಸ್ ನಂಬರನ್ನು ಅವರ ಬಾಯಿಂದಲೇ ಹೇಳಿಸಿ, ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವರ ಪದಕಗಳ ಡಬ್ಬಿಯಲ್ಲಿ ಇಡಿಸಿ.